ತುಟಿಯ ಹುಣ್ಣು, ದ್ವಾದಶಿಯ ತುಳಸಿ

ನಾನು ಹುಟ್ಟಾ ಜಗಳಗಂಟಿ. ನಾಚಿಕೆಯಿಂದ ಹೇಳುತ್ತಿಲ್ಲ, ಒಮ್ಮೆ ಆ ಗುಣವೇ ನನ್ನ ಮಾನ ಉಳಿಸಿತು.

ಅರವತ್ತರ ದಶಕದ ಮೊದಲ ವರ್ಷಗಳು. ಸವಣೂರಿನಲ್ಲಿ ಎಂಟನೇ ಇಯತ್ತೆ ಓದುತ್ತಿದ್ದೆ. ಗುರುವಾರ ಶಿಗ್ಗಾಂವಿಯಲ್ಲಿ ಸುತ್ತಲಿನ ಶಾಲೆಗಳ ಚರ್ಚಾಸ್ಪರ್ಧೆ. ನಮ್ಮ ಶಾಲೆಯಿಂದ ಹೊರಟ ಒಬ್ಬಳೇ ಹುಡುಗಿ ನಾನು. ಎರಡು ದಿನ ಕಾಡಿದ ಜ್ವರ ಸೋಮವಾರ ಬಿಟ್ಟಿತು, ಬಿಡುವಾಗ ಕೆಳತುಟಿಯ ಮೇಲೆ ನೀರುಗುಳ್ಳೆಗಳನ್ನು ಎಬ್ಬಿಸಿ ಹೋಯಿತು. ಪ, ಬ, ಮ ಅಂದರೆ ಸಾಕು, ಕಣ್ಣಲ್ಲಿ ನೀರು.

"ಹಲ್ಲಿ ಉಚ್ಚಿ ಹೊಯ್ದದ, ಉಂಡು ಬಾಯಿ ತೊಳೀದ ಮಲಗಿದ್ರ ಇನ್ನೇನಾಗ್ತದ?" ಎಂದು ಬೈಯುತ್ತಲೇ ಅವ್ವ ಹಿತ್ತಲಿಗೆ ನಡೆದಳು. ತುಳಸಿ ಅರೆದು ಬೆಣ್ಣೆಯಲ್ಲಿ ಕಲಸಿ ಹಚ್ಚುವುದು ರಟ್ಟೀಹಳ್ಳಿಯ ಅವಳ ತವರಿನ ಮದ್ದು. ಅವಳ ಕೈ ಇನ್ನೂ ಗಿಡ ಮುಟ್ಟಿರಲಿಲ್ಲ, ಪಡಸಾಲೆಯಿಂದ ಅಜ್ಜ ಗುಡುಗಿದರು.

"ಕೈ ತಗಿ! ಇವತ್ತ ದ್ವಾದಶಿ!"

ದ್ವಾದಶಿಯಂದು ನಮ್ಮ ಮನೆಯಲ್ಲಿ ತುಳಸಿ ಕೀಳುವಂತಿಲ್ಲ. ಪೂಜೆಗೂ ಹಿಂದಿನ ದಿನವೇ ಎಣಿಸಿ ಕಿತ್ತಿಡುತ್ತಿದ್ದರು. ಮರುದಿನ ಮಂಗಳವಾರ, ಅಂದೂ ಕೀಳುವಂತಿಲ್ಲ. ಬುಧವಾರ ಹಚ್ಚಿದರೆ ಗುರುವಾರಕ್ಕೆ ಏನು ವಾಸಿಯಾದೀತು?

"ಸ್ಪರ್ಧಾ ಬಿಡು," ಅಂದರು ಅಜ್ಜ. "ಇಂಥಾ ತುಟಿ ತೊಗೊಂಡು ನಾಲ್ಕು ಮಂದಿ ಮುಂದ ನಿಲ್ಲಬ್ಯಾಡ."

ನನಗೆ ಮೈಯೆಲ್ಲ ಉರಿಯಿತು. ಬೆಳಿಗ್ಗೆ ದೇವರ ಮೇಲಿಂದ ತೆಗೆದ ನಿರ್ಮಾಲ್ಯದ ತುಳಸಿ ತಟ್ಟೆಯಲ್ಲೇ ಇತ್ತು. ಅದನ್ನು ಕೊಡಿ ಎಂದೆ.

"ನಿರ್ಮಾಲ್ಯ ಔಷಧ ಅಲ್ಲ. ಗಿಡದ ಬುಡಕ್ಕ ಹೋಗಬೇಕು."

"ಅಜ್ಜಾ, ದಿನಾ ತೀರ್ಥ ಕೊಡೂ ಮುಂದ ಸರ್ವವ್ಯಾಧಿ ಹೋಗ್ಲಿ ಅಂತ ಮಂತ್ರ ಹೇಳ್ತೀರಿ. ಅದರಾಗ ಇದೇ ತುಳಸೀ ಇರ್ತದಲ್ರಿ? ನನ್ನ ತುಟಿ ಹುಣ್ಣು ವ್ಯಾಧಿ ಅಲ್ಲೇನ್ರಿ? ಅಲ್ಲಂದ್ರ ನಾ ಶಿಗ್ಗಾಂವಿಗೆ ಹೋಗಾಕ ಏನ್ ಅಡ್ಡಿ? ಹೌದಂದ್ರ ತುಳಸಿ ಕೊಡ್ರಿ!"

ಅವ್ವ ಸೆರಗು ಬಾಯಿಗೆ ಹಿಡಿದಳು. ವಾದದಲ್ಲಿ ಪಂಡಿತರ ಬಾಯಿಯನ್ನೇ ಮುಚ್ಚಿಸಿದ ಅಜ್ಜ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಕೊನೆಗೆ ತಾವೇ ಎದ್ದುಹೋಗಿ ತಟ್ಟೆ ತಂದು ನನ್ನ ಮುಂದಿಟ್ಟರು.

ಮೂರು ದಿನ, ದಿನಕ್ಕೆ ನಾಲ್ಕು ಸಲ ಹಚ್ಚಿದೆ. ತುಳಸಿಯಿಂದಲೋ, ಗೆದ್ದ ಹಮ್ಮಿನಿಂದಲೋ, ಉರಿ ಇಳಿಯಿತು. ಗುರುವಾರ ತುಟಿಯ ಮೇಲೆ ಮೆಣಸಿನಕಾಳಿನಷ್ಟು ಕಪ್ಪು ಹಕ್ಕಳೆ ಹೊತ್ತೇ ವೇದಿಕೆ ಹತ್ತಿದೆ. ಮೊದಲ ಸಾಲಿನ ಹುಡುಗರು ಕಿಸಕ್ಕೆಂದರು. ಹೆಣ್ಣುಮಕ್ಕಳು ಹೈಸ್ಕೂಲು ಓದಬೇಕೋ ಬೇಡವೋ ಎಂಬುದೇ ವಿಷಯವಾಗಿತ್ತು. ನಾನು ಮಾತು ಮುಗಿಸುವ ಹೊತ್ತಿಗೆ ಕಿಸಕ್ಕೆಂದವರೇ ಚಪ್ಪಾಳೆ ತಟ್ಟುತ್ತಿದ್ದರು. ಮೊದಲ ಬಹುಮಾನವಾಗಿ ಒಂದು ಇಂಕ್ ಪೆನ್ನು ಕೊಟ್ಟರು.

ಬಸ್ಸಿಳಿದವಳು ಓಡುತ್ತಲೇ ಬಂದು ಪೆನ್ನನ್ನು ಅಜ್ಜನ ಕೈಗಿಟ್ಟೆ. ಮುಚ್ಚಳ ಬಿಚ್ಚಿ ನೋಡಿದರು.

"ಇದು ಎರಡನೇ ಬಹುಮಾನ. ಮೊದಲನೇದು ದ್ವಾದಶಿ ದಿನಾನ ಗೆದ್ದೀದಿ."

ನಾನು ಬಾಯಿ ತುಂಬ ನಕ್ಕೆ. ಹಕ್ಕಳೆ ಬಿರಿದು ರಕ್ತ ಬಂತು. ಬಂದರೆ ಬರಲಿ ಎಂದು ಇನ್ನೂ ಜೋರಾಗಿ ನಕ್ಕೆ.