ಕಾರ್ಕ್ ಊರಿನ ಆರು ಚಮಚಗಳು

ತೊಂಬತ್ತರ ದಶಕದಲ್ಲಿ ಸೌದಿಯ ಯಾನ್ಬುವಿನಲ್ಲಿ ವಿದೇಶಿ ನೌಕರರಿದ್ದ ನಮ್ಮ ವಸತಿ ಕಾಂಪೌಂಡಿನಲ್ಲಿ, ಕೆಲಸದ ಅವಧಿ ಮುಗಿಸಿ ಹೊರಡುವವರು ಗುರುವಾರ ಬೆಳಿಗ್ಗೆ ಬಾಗಿಲ ಮುಂದೆ ಮೇಜು ಹಾಕಿ ಮನೆಸಾಮಾನು ಮಾರುತ್ತಿದ್ದರು. ಅಂಥ ಮೇಜುಗಳಿಂದಲೇ ನಾನು ಹಳೆಯ ಐರಿಷ್ ಬೆಳ್ಳಿ ಚಮಚಗಳನ್ನು ಕೂಡಿಹಾಕತೊಡಗಿದ್ದು. ಹಿಡಿಯ ಹಿಂಬದಿಯಲ್ಲಿ ಕಿರೀಟ ಹೊತ್ತ ಹಾರ್ಪ್ ವಾದ್ಯ, ಕುಳಿತ ಹೆಂಗಸು. ಈ ಮುದ್ರೆಗಳಿದ್ದರೆ ಡಬ್ಲಿನ್ನಿನ ಬೆಳ್ಳಿ. ಒಂದು ತೆಳು ಪುಸ್ತಕದಿಂದ ಇಷ್ಟು ಕಲಿತಿದ್ದೆ.

"ಎಂತ ಮಾರಾಯ್ತಿ, ಎಮ್ಮೆಸ್ಸಿ ಓದಿ ಅಕ್ಕಸಾಲಿ ಆದೆಯಾ?" ಎಂದು ಉಡುಪಿ ಕಡೆಯವರಾದ ನನ್ನ ಗಂಡ ಕೆಣಕುತ್ತಿದ್ದರು. ನನಗೆ ಒಳಗೊಳಗೇ ಹೆಮ್ಮೆ.

ಪಕ್ಕದ ಮನೆಯ ಐರಿಷ್ ನರ್ಸ್ ಊರಿಗೆ ಹೊರಡುವ ವಾರ ಆರು ಚಮಚ ತಂದರು.

"ನಮ್ಮ ದೇಶದ್ದೇ ಕಾರ್ಕ್ ಊರಿನ ಬೆಳ್ಳಿ ಅಂತ ಅಜ್ಜಿ ಹೇಳುತ್ತಿದ್ದಳು. ಮುದುಕಿ ಹೇಳೋದೆಲ್ಲ ಸುಳ್ಳು ಅಂತ ಅಮ್ಮ. ನೀವೇ ತೀರ್ಪು ಕೊಡಿ."

ಭೂತಗನ್ನಡಿ ಹಿಡಿದು ನೋಡಿದೆ. ಹಾರ್ಪ್ ಇಲ್ಲ, ಹೆಂಗಸಿಲ್ಲ. ಎರಡು ಇನಿಷಿಯಲ್, ಪಕ್ಕದಲ್ಲಿ 'ಸ್ಟರ್ಲಿಂಗ್', ಅಂದರೆ ಅಪ್ಪಟ ಬೆಳ್ಳಿ, ಎಂಬ ಪದ. ಗೊತ್ತಿಲ್ಲ ಎನ್ನಬಹುದಿತ್ತು.

"ಬೆಳ್ಳಿಯಲ್ಲ. ಮೋಸ ಮಾಡಲು ಯಾರೋ ಒತ್ತಿದ ಮುದ್ರೆ," ಎಂದೆ.

ಅವರು ನಗಲು ನೋಡಿದರು. "ಹಾಗಾದರೆ ಅಮ್ಮನೇ ಗೆದ್ದಳು. ನೀವೇ ಇಟ್ಟುಕೊಳ್ಳಿ, ಪಾಯಸಕ್ಕಾದೀತು."

ಮರುವರ್ಷ ಇನ್ನೊಂದು ಮೇಜಿನಲ್ಲಿ ಬೆಳ್ಳಿ ಮುದ್ರೆಗಳ ಬಗ್ಗೆಯೇ ದಪ್ಪನೆಯ ಹಳೆಯ ಪುಸ್ತಕ ಸಿಕ್ಕಿತು. ಹಿಂದಿನ ಕಾಲದಲ್ಲಿ ಅಧಿಕೃತ ಮುದ್ರೆ ಒತ್ತಿಸಲು ಬೆಳ್ಳಿಯನ್ನು ಡಬ್ಲಿನ್ನಿಗೇ ಒಯ್ಯಬೇಕಿತ್ತು; ಡಬ್ಲಿನ್ ದೂರ, ದಾರಿಯಲ್ಲಿ ಕಳ್ಳರ ಭಯ. ಆದ್ದರಿಂದ ಕಾರ್ಕ್‌ನ ಅಕ್ಕಸಾಲಿಗಳು ತಮ್ಮ ಇನಿಷಿಯಲ್ ಜೊತೆ 'ಸ್ಟರ್ಲಿಂಗ್' ಎಂದಷ್ಟೇ ಒತ್ತುತ್ತಿದ್ದರಂತೆ. ಓದುತ್ತಿದ್ದಂತೆ ಕಿವಿ ಬಿಸಿಯಾಯಿತು. ಅಜ್ಜಿ ನಿಜವನ್ನೇ ಹೇಳಿದ್ದಳು.

ನರ್ಸ್‌ಗೆ ಕಾಗದ ಬರೆದೆ: 'ಇತ್ತೀಚಿನ ಸಂಶೋಧನೆಯಿಂದ ತಿಳಿದುಬಂದಿರುವುದೇನೆಂದರೆ...'

ಗಂಡ ಓದಿ ನನ್ನ ಮುಖ ನೋಡಿದರು. "ಈ ಪುಸ್ತಕ ನಿನಗಿಂತ ಹಳೇದಲ್ವಾ? ತಪ್ಪಾಯ್ತು ಅಂತ ಬರೀಲಿಕ್ಕೆ ಎಂತ ಕಷ್ಟ ಮಾರಾಯ್ತಿ?"

ನಾನು ಲಕೋಟೆ ಅಂಟಿಸಿದೆ. ಊರಿಗೆ ಹೊರಟಿದ್ದ, ನರ್ಸ್‌ನ ಗೆಳತಿಯೊಬ್ಬರ ಕೈಯಲ್ಲಿ ಕಾಗದವನ್ನೂ ಚಮಚಗಳನ್ನೂ ಕಳಿಸಿದೆ.

ಎರಡು ತಿಂಗಳಿಗೆ ನರ್ಸ್‌ನ ಉತ್ತರ ಬಂತು. ಅವರ ತಾಯಿ ನನ್ನ ಕಾಗದವನ್ನು ಎರಡು ಸಲ ಓದಿಸಿಕೊಂಡರಂತೆ. ಎಂಬತ್ತು ದಾಟಿದ ಆಕೆ ಆರು ಚಮಚಗಳನ್ನೂ ಮಡಿಲಲ್ಲಿಟ್ಟುಕೊಂಡು, ಸತ್ತ ತಾಯಿಯ ಹೆಸರು ಹಿಡಿದು, ತಪ್ಪಾಯಿತು ಎಂದು ಅತ್ತರಂತೆ.

ಕೊನೆಯಲ್ಲಿ ನರ್ಸ್ ಬರೆದಿದ್ದರು: 'ನೀವು ಬೇಸರ ಮಾಡಿಕೊಳ್ಳಬೇಡಿ. ಆಗ ಯಾರಿಗೂ ಗೊತ್ತಿರಲಿಲ್ಲವಲ್ಲ.'

ಆ ಸಾಲಿಗೆ ನಾನು ಈವರೆಗೂ ಉತ್ತರ ಬರೆದಿಲ್ಲ.