ಒಂಬೈನೂರಕ್ಕೆ ಯಾರೂ ಕೊಂಡಿರಲಿಲ್ಲ

ಮೂರನೆಯ ಮಹಡಿಯಲ್ಲಿ ಒಂದೇ ಒಂದು ಮೇಜಿನ ದೀಪ ಉರಿಯುತ್ತಿದೆ. ಹೊರಗೆ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನೆಲ ಒರೆಸುವ ಹೆಂಗಸು ಬಕೆಟ್ಟನ್ನು ಕಾಲಿನಿಂದಲೇ ತಳ್ಳಿಕೊಂಡು ಬಂದು ಆ ಮೇಜಿನ ಬಳಿ ನಿಲ್ಲುತ್ತಾಳೆ.

"ಕಾಲೆತ್ತಿ, ಗೆರೆಯಕ್ಕಾ. ಇವತ್ತು ಯಾರು ಬಿದ್ರು?"

"ಇನ್ನೂ ಯಾರೂ ಬಿದ್ದಿಲ್ಲ ಕಣೇ. ನೀನು ಹೀಗೆ ನೀರು ಸುರಿದ್ರೆ ಮೊದಲು ನಾನೇ ಬೀಳೋದು."

ಗೆರೆಯಕ್ಕ ಕಾಲೆತ್ತುತ್ತಾರೆ, ಕಣ್ಣನ್ನು ಮಾತ್ರ ಪರದೆಯಿಂದ ಎತ್ತುವುದಿಲ್ಲ. ಅಲ್ಲಿ ಒಂದು ಕಂಪೆನಿಯ ಹಲವು ವರ್ಷಗಳ ಷೇರು ಬೆಲೆ ಒಂದೇ ಗೆರೆಯಾಗಿ ಹರಿದಿದೆ. ಅವರು ಮೊದಲು ಅಂಕಿಗಳನ್ನು ನೋಡುವುದಿಲ್ಲ, ಗೆರೆಯ ಮೈಯನ್ನು ನೋಡುತ್ತಾರೆ. ಎಲ್ಲಿ ಅದು ಗೋಡೆಯಂತೆ ನೆಟ್ಟಗೆ ಎದ್ದಿದೆಯೋ ಅಲ್ಲಿ ಬೆರಳಿಟ್ಟು, ಆ ದಿನ ಕಂಪೆನಿ ಹೊರಡಿಸಿದ ಪ್ರಕಟಣೆಯನ್ನು ತೆರೆದು ಓದುತ್ತಾರೆ.

ಈ ಕಚೇರಿಯ ಸರಕು ಹಳೆಯ ಬೆಲೆ. ಯಾವ ಷೇರು ಯಾವ ದಿನ ಎಷ್ಟಕ್ಕೆ ಮಾರಾಟವಾಯಿತೆಂಬುದನ್ನು ಕೂಡಿಟ್ಟು ಬ್ಯಾಂಕುಗಳಿಗೂ ಪತ್ರಿಕೆಗಳಿಗೂ ಜನರ ಕೈಯ ಫೋನುಗಳಿಗೂ ಕಳಿಸುವುದು ಅದರ ವ್ಯಾಪಾರ. ಮಾರುಕಟ್ಟೆ ಬಾಗಿಲು ತೆರೆಯುವ ಮುನ್ನ ಗೆರೆಗಳು ಚೊಕ್ಕವಾಗಿರಬೇಕು. ಗೆರೆಯಕ್ಕನ ಪಾಲಿಗೆ ಬಂದಿರುವುದು ಬಯೋಟೆಕ್ ಕಂಪೆನಿಗಳು, ಸುಮಾರು ನಾನೂರು. ದಿನಕ್ಕೆ ಐದಾರು ಗೆರೆಗಳಾದರೂ ಕೆಟ್ಟಿರುತ್ತವೆ.

"ಬೆಲೆ ಅನ್ನೋದು ಮೆಟ್ಟಿಲು ಹತ್ತಿ, ಮೆಟ್ಟಿಲು ಇಳಿಯತ್ತೆ. ಸೋಪು ಮಾಡೋ ಕಂಪೆನಿದು ಗೋಡೆ ಹತ್ತಿದ್ರೆ ಎಲ್ಲೋ ಎಡವಟ್ಟಾಗಿದೆ ಅಂತ ಕಣ್ಣು ಮುಚ್ಕೊಂಡು ಹೇಳ್ಬಹುದು. ಆದ್ರೆ ನನ್ನವು ನಿಜವಾಗ್ಲೂ ಗೋಡೆ ಹತ್ತತ್ವೆ. ಅದೇ ಪಜೀತಿ."

ಪಜೀತಿಯ ಕಾರಣ ಇಷ್ಟು. ಇಂಥ ಎಷ್ಟೋ ಕಂಪೆನಿಗಳ ಜೀವವೆಲ್ಲ ಒಂದೇ ಒಂದು ಔಷಧಿಯಲ್ಲಿರುತ್ತದೆ. ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಅದು ಗೆದ್ದಿತೆಂದರೆ ಬೆಲೆ ಬೆಳಗಾಗುವುದರೊಳಗೆ ಮೂರರಷ್ಟಾಗಬಹುದು, ಸೋತರೆ ಮೂರರಲ್ಲೊಂದು ಪಾಲಿಗೆ ಇಳಿಯಬಹುದು. ಕಂಪೆನಿ ಒಂದು ಷೇರನ್ನು ಮೂರಾಗಿ ಒಡೆದರೂ, ಮೂರನ್ನು ಒಂದಾಗಿ ಕಟ್ಟಿದರೂ ಗೆರೆಯ ಆಕಾರ ಹಾಗೆಯೇ. ಪರೀಕ್ಷೆಯಿಂದಾದ ಏರಿಳಿತವನ್ನು ಮುಟ್ಟಬಾರದು, ಒಡೆದು ಕಟ್ಟಿದ್ದರಿಂದಾದದ್ದನ್ನು ತಿದ್ದದೆ ಬಿಡಬಾರದು. ಯಾವುದು ಯಾವುದೆಂದು ಆಕಾರ ಹೇಳುವುದಿಲ್ಲ; ಓದಿಯೇ ತಿಳಿಯಬೇಕು. ಕಚೇರಿಯಲ್ಲಿ ಈ ವಿಭಾಗ ಯಾರಿಗೂ ಬೇಡದ ಕೂಸಾಗಿರುವುದು ಅದಕ್ಕಾಗಿಯೇ.

ಗೆರೆಯಕ್ಕ ಈ ಕೆಲಸಕ್ಕೆ ಬಂದದ್ದು ಪತ್ರಿಕೆಯೊಂದರ ಕರಡು ತಿದ್ದುವ ಕೋಣೆಯಿಂದ. ಷೇರು ಬೆಲೆಗಳಿಗೆ ಇಡೀ ಪುಟ ಮೀಸಲಾಗಿದ್ದ ಕಾಲವದು. ಒಬ್ಬರು ಅಂಕಿಗಳನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಿನ ಹಾಳೆಯಲ್ಲಿ ಬೆರಳೋಡಿಸಬೇಕು. ಓದುವ ಗಂಟಲು ಅವರದಾಗಿತ್ತು. ಜನ ಬೆಲೆಯನ್ನು ಫೋನಿನಲ್ಲಿ ನೋಡತೊಡಗಿದ ಮೇಲೆ ಆ ಪುಟ ನಿಂತಿತು. ಪುಟದೊಡನೆ ಕೆಲಸವೂ ಹೋಯಿತು. ಎರಡು ವರ್ಷ ಮನೆಯಲ್ಲಿ ಕುಳಿತು, ಆಮೇಲೆ ಇಲ್ಲಿ ಗುತ್ತಿಗೆಯ ಮೇಲೆ ಸೇರಿದರು. ಇಂದಿಗೂ ಗುತ್ತಿಗೆಯೇ, ವರ್ಷಕ್ಕೊಮ್ಮೆ ಸಹಿ ಬೀಳುವ ತನಕ ನಿದ್ದೆ ತೆಳ್ಳಗಾಗುತ್ತದೆ. ಪರದೆ ನೋಡಿ ನೋಡಿ ಕಣ್ಣು ಒಣಗಿ, ಚೀಲದಲ್ಲಿ ಸದಾ ಕಣ್ಣಿಗೆ ಬಿಡುವ ಔಷಧಿಯ ಸೀಸೆ ಇರುತ್ತದೆ.

ಗಂಡ ಲಿಫ್ಟ್ ರಿಪೇರಿ ಮಾಡುವವರು. "ಏರೋದು ಇಳಿಯೋದು ನೋಡ್ಕೊಂಡೇ ಇಬ್ರೂ ಬದುಕ್ತಿದ್ದೀವಿ," ಎನ್ನುತ್ತಾರೆ ಅವರು. "ನನ್ನದು ಗುಂಡಿ ಒತ್ತಿದ ಕಡೆ ನಿಲ್ಲತ್ತೆ. ಇವಳದು ದೇವರು ಒತ್ತಿದ್ರೂ ನಿಲ್ಲಲ್ಲ."

ಕಚೇರಿಯ ನಿಯಮವೊಂದಿದೆ. ಬೆಲೆ ತಿದ್ದುವವರು ಇಂಥ ಷೇರು ಕೊಳ್ಳಿ ಎಂದಾಗಲಿ ಬಿಡಿ ಎಂದಾಗಲಿ ಯಾರಿಗೂ ಹೇಳಕೂಡದು. ಎಲ್ಲರಿಗೂ ಪ್ರಕಟವಾದ ಅಂಕಿ ಹೇಗೆ ಬಂತೆಂದು ವಿವರಿಸಬಹುದು, ಅಷ್ಟೇ. ಹೊರಗಿನವರ ಮುಂದೆ ಇದನ್ನು ಪಾಲಿಸುವುದು ಸುಲಭ. ಹೋದ ವರ್ಷ ಒಂದು ಭಾನುವಾರ ನಿಯಮ ಮನೆಯ ಊಟದ ಮೇಜಿಗೇ ಬಂದು ಕೂರುತ್ತದೆ.

ಮೈದುನ ಕ್ಷೌರಿಕ. ಬೇರೆಯವರ ಅಂಗಡಿಯಲ್ಲಿ ಒಂದು ಕುರ್ಚಿಯನ್ನು ಬಾಡಿಗೆಗೆ ಹಿಡಿದು ಬಹಳ ವರ್ಷ ಕತ್ತರಿಯಾಡಿಸಿದವನು. ವಯಸ್ಸಾದ ಮಾಲೀಕ ಅಂಗಡಿ ಮಾರಲು ಹೊರಟಿದ್ದಾನೆ. ಮೊದಲು ಕೇಳಿದ್ದು ಇವನನ್ನೇ. ಇವನು ಕೂಡಿಟ್ಟದ್ದು ಬೆಲೆಯ ಅರ್ಧಕ್ಕೆ ಸಾಲುತ್ತದೆ. ಉಳಿದರ್ಧಕ್ಕೆ ಮೂರು ತಿಂಗಳ ಗಡುವು.

"ಅತ್ತಿಗೆ, ಇದೊಂದು ನೋಡಿ," ಎಂದು ಫೋನನ್ನು ಮುಂದಿಡುತ್ತಾನೆ. "ಕಿಡ್ನಿಗೆ ಔಷಧಿ ಮಾಡೋ ಕಂಪೆನಿ. ಇವತ್ತು ಬರೀ ಮೂವತ್ತು. ಒಂದು ಕಾಲದಲ್ಲಿ ಒಂಬೈನೂರಿತ್ತಂತೆ! ಒಂಬೈನೂರು ಬೇಡ ಬಿಡಿ, ಅರವತ್ತಾದ್ರೆ ಸಾಕು, ಅಂಗಡಿ ನಂದು."

"ಒಂಬೈನೂರಕ್ಕೆ ಯಾರು ತಗೊಂಡಿದ್ರು?"

"ಯಾರೋ ತಗೊಂಡಿರ್ತಾರೆ. ಗೆರೆ ತೋರಿಸ್ತಿದೆಯಲ್ಲ."

"ಯಾರೂ ತಗೊಂಡಿಲ್ಲ ಕಣೋ. ಆ ಗೆರೆ ತಿದ್ದಿದ್ದು ನಾನೇ."

ಮೂಲೆಯಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದ ಅತ್ತೆ ತಲೆಯೆತ್ತುತ್ತಾರೆ. "ಏನು, ತಿದ್ದಿದ್ದಾ? ಇಷ್ಟು ದಿನ ಸಂಬಳ ತಗೊಂಡು ಸುಳ್ಳು ಬರೀತಿದ್ಯೇನೇ?"

ಸುಳ್ಳಲ್ಲ, ಲೆಕ್ಕ. ಆ ಕಂಪೆನಿಯ ಷೇರು ತನ್ನ ಅತ್ಯುತ್ತಮ ದಿನದಲ್ಲಿ ಮಾರಾಟವಾದದ್ದು ನಲವತ್ತೈದಕ್ಕೆ. ಮೊದಲ ಔಷಧಿ ಪರೀಕ್ಷೆಯಲ್ಲಿ ಸೋತು ಬೆಲೆ ಒಂದೂವರೆಗೆ ಇಳಿಯಿತು. ಅಷ್ಟು ಅಗ್ಗವಾದ ಷೇರನ್ನು ಮಾರುಕಟ್ಟೆ ತನ್ನ ಪಟ್ಟಿಯಿಂದ ತೆಗೆದುಹಾಕೀತೆಂದು ಕಂಪೆನಿ ಇಪ್ಪತ್ತು ಷೇರುಗಳನ್ನು ಒಂದಾಗಿ ಕಟ್ಟಿತು. ಒಂದೂವರೆಯ ಇಪ್ಪತ್ತು ಷೇರು ಇದ್ದವನ ಕೈಯಲ್ಲಿ ಈಗ ಮೂವತ್ತರ ಒಂದು ಷೇರು. ಅವನಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಗೆರೆ ಒಂದೇ ರಾತ್ರಿಯಲ್ಲಿ ಇಪ್ಪತ್ತು ಪಟ್ಟು ಹಾರಿದಂತೆ ಕಾಣುತ್ತದೆ. ಆ ಸುಳ್ಳು ನೆಗೆತವನ್ನು ಅಳಿಸಲು ಹಿಂದಿನ ಬೆಲೆಗಳನ್ನೆಲ್ಲ ಇಪ್ಪತ್ತರಿಂದ ಗುಣಿಸಬೇಕು. ನಲವತ್ತೈದು ಒಂಬೈನೂರಾಗುವುದು ಹೀಗೆ. ಬಿದ್ದದ್ದು ಎಷ್ಟು ಪಾಲು ಎಂಬುದಕ್ಕೆ ಈ ಗೆರೆ ಸರಿಯಾದ ಸಾಕ್ಷಿ. ಕೊಟ್ಟದ್ದು ಎಷ್ಟು ಹಣ ಎಂಬುದಕ್ಕೆ ಅಲ್ಲ.

"ಅಷ್ಟೇ ಆಗಿದ್ರೆ ಪರವಾಗಿಲ್ಲ," ಎಂದು ಗೆರೆಯಕ್ಕ ಮುಂದುವರಿಸುತ್ತಾರೆ. "ಆಮೇಲೆ ಹೊಸ ಔಷಧಿಗೆ ದುಡ್ಡು ಬೇಕು ಅಂತ ಹೊಸ ಷೇರು ಮಾರಿದ್ರು. ಒಂದು ಮನೆಗೆ ಒಬ್ಬನೇ ವಾರಸುದಾರ ಇದ್ದ ಅಂತಿಟ್ಕೋ. ಈಗ ಅದೇ ಮನೆಗೆ ಹತ್ತು ಜನ."

"ಅಂದ್ರೆ?"

"ಅಂದ್ರೆ ಒಬ್ಬೊಬ್ಬನ ಪಾಲಿಗೂ ಒಂಬೈನೂರು ಬರ್ಬೇಕಾದ್ರೆ, ಆ ಮನೆ ತನ್ನ ಒಳ್ಳೇ ದಿನದಲ್ಲಿ ಎಷ್ಟು ಬಾಳ್ತಿತ್ತೋ ಅದರ ಹತ್ತರಷ್ಟು ಬಾಳ್ಬೇಕು. ಆ ಇಪ್ಪತ್ತರ ಗುಣಾಕಾರ ಗೆರೆಯೊಳಗಿದೆ. ಈ ಹತ್ತು ಜನ ಗೆರೆಯಲ್ಲಿ ಕಾಣಲ್ಲ."

"ಹಾಗಾದ್ರೆ ಬೇಡ ಅಂತೀರಾ?"

"ಬೇಡ ಅನ್ನಲ್ಲ, ಬೇಕು ಅಂತಾನೂ ಅನ್ನಲ್ಲ. ಹೊಸ ಔಷಧಿ ಕೆಲಸ ಮಾಡತ್ತೋ ಇಲ್ವೋ ನಂಗೊತ್ತಿಲ್ಲ. ಗೆರೆಗೂ ಗೊತ್ತಿಲ್ಲ."

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ತೀರಲ್ಲ ಅತ್ತಿಗೆ!"

ಮೈದುನ ಆ ಷೇರು ಕೊಳ್ಳಲಿಲ್ಲ. ಉಳಿದರ್ಧ ಹಣಕ್ಕೆ ಬ್ಯಾಂಕಿಗೆ ಅಲೆಯತೊಡಗಿದ.

ಎರಡು ತಿಂಗಳೂ ತುಂಬಿರಲಿಲ್ಲ. ಒಂದು ಮುಂಜಾನೆ ಅದೇ ಮೇಜಿನಲ್ಲಿ, ಅದೇ ದೀಪದ ಕೆಳಗೆ, ಗೆರೆಯಕ್ಕನ ಮುಂದೆ ಅದೇ ಕಂಪೆನಿಯ ಗೆರೆ ಗೋಡೆಯಂತೆ ಎದ್ದು ನಿಲ್ಲುತ್ತದೆ. ಮೂವತ್ತರ ಆಸುಪಾಸಿನಲ್ಲಿದ್ದದ್ದು ಎಪ್ಪತ್ತೆಂಟು. ಕಚೇರಿಯ ಯಂತ್ರ ಅದಕ್ಕೆ ಕೆಂಪು ಬಣ್ಣ ಹಚ್ಚಿ, ತಪ್ಪಿರಬಹುದು ಎಂದು ಗುರುತಿಸಿದೆ. ತಪ್ಪೋ ಸರಿಯೋ ಎಂದು ನಿರ್ಧರಿಸಬೇಕಾದವರು ಗೆರೆಯಕ್ಕ. ಪ್ರಕಟಣೆ ತೆರೆಯುತ್ತಾರೆ. ಒಡೆದದ್ದಿಲ್ಲ, ಕಟ್ಟಿದ್ದಿಲ್ಲ. ಹೊಸ ಔಷಧಿ ಪರೀಕ್ಷೆಯಲ್ಲಿ ಗೆದ್ದಿದೆ. ಒಮ್ಮೆ ಓದಿದರೆ ಸಾಲುತ್ತಿತ್ತು. ಅಂದು ಮೂರು ಸಲ ಓದುತ್ತಾರೆ. ಆಮೇಲೆ ಕೆಂಪು ತೆಗೆದು 'ಸರಿ' ಎಂದು ಬರೆದು, ಮುಂದಿನ ಗೆರೆಗೆ ಹೋಗುತ್ತಾರೆ.

ಸಂಜೆ ಮನೆಗೆ ಬಂದಾಗ ಸುದ್ದಿ ಅವರಿಗಿಂತ ಮುಂಚೆ ಬಂದು ಕೂತಿದೆ. "ಊರಿಗೆ ಉಪಕಾರಿ, ಮನೆಗೆ ಮಾರಿ," ಎನ್ನುತ್ತಾರೆ ಅತ್ತೆ, ಮುಖ ನೋಡದೆ. ಬ್ಯಾಂಕು ಮೈದುನನಿಗೆ ಸಾಲ ಕೊಡಲಿಲ್ಲ. ಗಡುವು ತೀರಿತು, ಅಂಗಡಿ ಬೇರೆಯವರ ಪಾಲಾಯಿತು. ಅವನು ಅದೇ ಕುರ್ಚಿಗೆ ಹೊಸ ಮಾಲೀಕನಿಗೆ ಬಾಡಿಗೆ ಕೊಡುತ್ತಾನೆ, ಮೊದಲಿಗಿಂತ ಹೆಚ್ಚು. ಭಾನುವಾರದ ಊಟಕ್ಕೆ ಬರುವುದು ನಿಂತಿತು. ಅಣ್ಣ ಕೂದಲು ಕತ್ತರಿಸಿಕೊಳ್ಳಲು ಹೋದರೆ ಕತ್ತರಿಯ ಸದ್ದೊಂದೇ ಉತ್ತರ.

ಷೇರು ಮತ್ತೆ ಬಿದ್ದು ಗೆರೆಯಕ್ಕನ ಮಾತನ್ನು ಎತ್ತಿ ಹಿಡಿಯಲಿಲ್ಲ. ಏರಿದ್ದು ಏರಿಯೇ ಇದೆ.

ಐದು ತಿಂಗಳ ಮೇಲೆ ಮೈದುನ ತಾನಾಗಿಯೇ ಬಂದ. ಚಪ್ಪಲಿ ಬಿಡದೆ ಹೊಸಿಲಿನಲ್ಲೇ ನಿಂತು ಕೇಳಿದ: "ಅತ್ತಿಗೆ, ಅವತ್ತು ನೀವು ಬೇಡ ಅಂದಿದ್ರಾ?"

"ಇಲ್ಲ."

"ಮತ್ತೆ ನಾನ್ಯಾಕೆ ನಿಮ್ಮ ಮೇಲೆ ಸಿಟ್ಟಾದೆ?"

"ಯಾರ ಮೇಲಾದ್ರೂ ಆಗ್ಬೇಕಲ್ಲೋ. ಮನೆಯವರಾದ್ರೆ ಹತ್ರ ಸಿಗ್ತಾರೆ. ಚಪ್ಪಲಿ ಬಿಟ್ಟು ಒಳಗೆ ಬಾ."

ಈಗ ಅವನ ಕುರ್ಚಿಯಲ್ಲಿ ಕೂತ ಗಿರಾಕಿ ಫೋನು ತೋರಿಸಿ "ಒಂದು ಕಾಲದಲ್ಲಿ ಎಷ್ಟಿತ್ತು ನೋಡು" ಎಂದರೆ, ಕತ್ತರಿ ಕಿವಿಯ ಬಳಿ ನಿಲ್ಲುತ್ತದಂತೆ. "ಆಗ ಎಷ್ಟು ಜನ ಪಾಲುದಾರರು ಸ್ವಾಮಿ, ಈಗೆಷ್ಟು?" ಅರ್ಧ ತಲೆ ಕತ್ತರಿಸಿಕೊಂಡವನು ಎದ್ದು ಹೋಗುವಂತಿಲ್ಲ, ಕೇಳಲೇಬೇಕು.

ಗೆರೆಯಕ್ಕನಿಗೆ ಒಂದು ಆಸೆಯಿದೆ. ಇಂಥ ಗೆರೆಗಳ ಕೆಳಗೆ 'ಈ ಹಳೆಯ ಬೆಲೆ ಗುಣಿಸಿದ್ದು. ಯಾರೂ ಕೊಟ್ಟದ್ದಲ್ಲ' ಎಂಬ ಒಂದು ಸಾಲು ಇರಬೇಕು. ಎರಡು ಸಲ ಮೇಲಿನವರಿಗೆ ಬರೆದು ಕೊಟ್ಟಿದ್ದಾರೆ. ಫೋನಿನ ಪರದೆಯಲ್ಲಿ ಜಾಗ ಸಾಲದು ಎಂಬ ಉತ್ತರ ಬಂದಿದೆ. ಮೂರನೆಯ ಸಲಕ್ಕೆ ಸಾಲನ್ನು ಇನ್ನೂ ಗಿಡ್ಡ ಮಾಡುತ್ತಿದ್ದಾರೆ.

ಆ ಭಾನುವಾರ ಸುಮ್ಮನಿದ್ದಿದ್ದರೆ ಮೈದುನನಿಗೆ ಅಂಗಡಿ ಸಿಗುತ್ತಿತ್ತಲ್ಲ ಎಂದು ಕೇಳಿದರೆ ಅವರು ಚೀಲದಿಂದ ಸೀಸೆ ತೆಗೆದು ಕಣ್ಣಿಗೆ ಔಷಧಿ ಬಿಟ್ಟುಕೊಳ್ಳುತ್ತಾರೆ. "ಸಿಗ್ತಿತ್ತು," ಎನ್ನುತ್ತಾರೆ. "ಅದೇನು ಸಣ್ಣ ಮಾತಲ್ಲ. ಆದ್ರೆ ಒಂಬೈನೂರಕ್ಕೆ ಯಾರೂ ಕೊಂಡಿಲ್ಲ ಅಂತ ಹೇಳಿದ್ದು ನಿಜ. ಎಪ್ಪತ್ತೆಂಟು ಸರಿ ಅಂತ ಬರೆದಿದ್ದೂ ನಿಜ. ಎರಡನೇದನ್ನ ಬರೆಯೋ ಮುಂಚೆ ಮೂರು ಸಲ ಓದಿದೆ. ಆಮೇಲೆ ಬರೆದೆ, ಅಷ್ಟೇ."