ಕನ್ನಡ ಬಾರದವರಿಗೆ ಪ್ರವೇಶವಿಲ್ಲ

ನನ್ನ ಬ್ಲಾಗಿಗೆ ಮೊದಲ ಪ್ರತಿಕ್ರಿಯೆ ಬಂದ ದಿನ ಮನೆಯಲ್ಲಿ ಕೇಸರಿಬಾತ್ ಮಾಡಿದ್ದೆ. ಯಾರೋ ಪುಣ್ಯಾತ್ಮ ಇಂಗ್ಲಿಷಿನಲ್ಲಿ, "ಎಂಥ ಅದ್ಭುತ ಬರಹ! ಇನ್ನು ದಿನಾ ಬಂದು ಓದುವೆ" ಎಂದು ಬರೆದಿದ್ದ. ಚೆನ್ನೈನ ಸಣ್ಣದೊಂದು ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಕನ್ನಡ ಕಲಿಸಿ ನಿವೃತ್ತಳಾದ ನನ್ನನ್ನು ಅದುವರೆಗೆ ಯಾರೂ ಅದ್ಭುತ ಎಂದಿರಲಿಲ್ಲ. ಹಿಗ್ಗಿ ಹೀರೇಕಾಯಿಯಾದೆ. ಧನ್ಯವಾದ ಹೇಳಿ, ತಮ್ಮದು ಯಾವ ಊರಾಯಿತು ಎಂದು ವಿಚಾರಿಸಿದೆ. ಮರುದಿನ ಆತ ರಕ್ತದೊತ್ತಡದ ಮಾತ್ರೆ ಮಾರುವ ಅಂಗಡಿಯ ಕೊಂಡಿ ಕಳಿಸಿದ.

"ಅವ ಏನ್ ನಿನ್ನ ಬೀಗರವನೇನು, ಊರು ಕೇಳಾಕ?" ಎಂದು ನನ್ನ ಯಜಮಾನರು ನಕ್ಕರು. ಪುರಸೈವಾಕ್ಕಂನಲ್ಲಿ ಪಾತ್ರೆ ಅಂಗಡಿ ಇಟ್ಟು ನಲವತ್ತು ವರ್ಷವಾದರೂ ಅವರ ನಾಲಗೆ ಇನ್ನೂ ಹುಬ್ಬಳ್ಳಿ ಬಿಟ್ಟು ಬಂದಿಲ್ಲ.

ಬ್ಲಾಗಿನಲ್ಲಿ ನಾನು ಬರೆಯುತ್ತಿದ್ದುದು ತೀರಿಹೋದ ನಮ್ಮತ್ತೆಯ ಬಗ್ಗೆ. ನಾನು ಊರಿನ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸುತ್ತಿದ್ದಾಗ ನನ್ನ ಒಬ್ಬಳೇ ಮಗಳನ್ನು ಮನೆಯಲ್ಲಿ ಬೆಳೆಸಿದವರು ಅವರು. ರೊಟ್ಟಿಗೆಂದು ಅವರು ಕುಟ್ಟುತ್ತಿದ್ದ ಶೇಂಗಾ ಹಿಂಡಿ, ಅವರ ಮಡಿ, ಅವರ ಹಟ, ಎಲ್ಲ ಬರೆದೆ. ಓದಲಿ ಎಂದು ಆಸೆಪಟ್ಟದ್ದು ಮಗಳೊಬ್ಬಳೇ. ಆದರೆ ಅವಳಿಗೆ ಕನ್ನಡ ಓದಲು ಬಾರದು. ಇಂಗ್ಲಿಷ್ ಶಾಲೆ, ಎರಡನೇ ಭಾಷೆ ತಮಿಳು. ದೀಪದ ಬುಡದಲ್ಲೇ ಕತ್ತಲು.

ಮಾತಾದರೂ ಉಳಿಯಬಹುದಿತ್ತು. ಅದನ್ನು ಕೆಡಿಸಿದ್ದು ನಾನೇ. ಐದನೇ ಕ್ಲಾಸಿನಲ್ಲಿದ್ದಾಗ ಮನೆ ತುಂಬ ನೆಂಟರ ಎದುರು ಅವಳು ಏನೋ ಹೇಳಹೋದಳು. ನಾನು ಮಾತು ಮಾತಿಗೂ ತಡೆದು ತಿದ್ದಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವತ್ತಿನಿಂದ ನಾನು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ತಮಿಳಿನಲ್ಲೇ. ಈಗ ಅಡ್ಯಾರಿನ ಆಫೀಸಿಗೆ ಹೋಗಿ ಬರುವ ದೊಡ್ಡ ಹೆಣ್ಣುಮಗಳು, ನಮ್ಮ ಜೊತೆಯಲ್ಲೇ ಇದ್ದಾಳೆ. ದೊಡ್ಡವಳಾದ ಮೇಲೂ ಅದೇ ನಡೆದಿತ್ತು.

ಇತ್ತ ಬ್ಲಾಗಿಗೆ ಕಸ ಸುರಿಯತೊಡಗಿತು. ಶೇಂಗಾ ಹಿಂಡಿಯ ಕೆಳಗೆ ಬೂಟಿನ ಜಾಹೀರಾತು, ಮಡಿಯ ಕೆಳಗೆ ಕೂದಲು ನಾಟಿ. ದಿನಾ ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಒಂದೊಂದಾಗಿ ಅಳಿಸುತ್ತಿದ್ದೆ. ಒಂದು ದಿನ ಅತ್ತೆಯ ಕೊನೆಯ ದಿನಗಳನ್ನು ಬರೆದಿದ್ದ ಪುಟದ ಕೆಳಗೆ, "ನಿಮ್ಮ ಸಲಹೆಯಿಂದ ನಮ್ಮ ಛಾವಣಿ ಸೋರುವುದು ನಿಂತಿತು" ಎಂದು ಇಂಗ್ಲಿಷಿನಲ್ಲಿ ಬಂತು. ಪಿತ್ತ ನೆತ್ತಿಗೇರಿತು. ಮಗಳನ್ನು ಕರೆದೆ. ಬ್ಲಾಗು ಕಟ್ಟಿಕೊಟ್ಟವಳು ಅವಳೇ, ಅದರ ಬೀಗದ ಕೈಯೂ ಅವಳ ಹತ್ತಿರವೇ.

"ಕನ್ನಡ ಅಕ್ಷರ ಇಲ್ಲದ್ದು ಒಂದೂ ಒಳಗ ಬರಬಾರದು ನೋಡವ್ವಾ. ಬರೀಲಿಕ್ಕ ಬರದವರ ಮಾತು ನನಗ ಬ್ಯಾಡ," ಎಂದೆ.

"ಎಲ್ಲಾರುಮಾ?" ಎಂದಳು ತಮಿಳಿನಲ್ಲಿ.

"ಎಲ್ಲಾರೂ."

"ಸರಿ ಮಾ," ಎಂದು ಹತ್ತು ನಿಮಿಷದಲ್ಲಿ ಆ ನಿಯಮ ಹಾಕಿಕೊಟ್ಟು ಎದ್ದು ಹೋದಳು.

ಆಮೇಲೆ ಬ್ಲಾಗು ಗುಡಿಸಿ ಸಾರಿಸಿದ ಅಂಗಳದ ಹಾಗೆ ಚೊಕ್ಕಟವಾಯಿತು. ಕನ್ನಡವಲ್ಲದ್ದೆಲ್ಲ ಸ್ಪ್ಯಾಮ್ ಪೆಟ್ಟಿಗೆಗೆ ಹೋಗಿ ಬೀಳುತ್ತಿತ್ತು. ಭಾನುವಾರ ಭಾನುವಾರ ಪೆಟ್ಟಿಗೆಯನ್ನು ತೆರೆದೂ ನೋಡದೆ ಒಂದೇ ಗುಂಡಿ ಒತ್ತಿ ಖಾಲಿ ಮಾಡುತ್ತಿದ್ದೆ. ಹೀಗೆ ಐದಾರು ತಿಂಗಳು ನಡೆಯಿತು.

ಒಂದು ಭಾನುವಾರ ಗುಂಡಿ ಒತ್ತುವ ಬದಲು ಬೆರಳು ಜಾರಿ ಪೆಟ್ಟಿಗೆಯೇ ತೆರೆದುಕೊಂಡಿತು. ಇಂಗ್ಲಿಷ್ ಕಸದ ನಡುವೆ ನಾಲ್ಕು ಸಾಲು ತಮಿಳು ಅಕ್ಷರ. ಹೆಸರಿರಲಿಲ್ಲ. ನನಗೆ ತಮಿಳು ಓದು ಬಸ್ಸಿನ ಬೋರ್ಡಿನಷ್ಟೇ. ಕೂಡಿಸಿ ಕೂಡಿಸಿ ಓದಿದೆ. ಅಕ್ಷರ ತಮಿಳು, ಮಾತು ಕನ್ನಡ, ಅದೂ ನಮ್ಮ ಮನೆಯ ಕನ್ನಡ.

"ಅಮ್ಮಾ, ಅಜ್ಜಿಗಿ ಲಿಫ್ಟ್ ಅಂದ್ರ ಭಯ ಅಂತ ಬರದೀ. ಅದು ಸುಳ್ಳು. ನನ್ನ ಕೂಡ ದಿನಾ ಲಿಫ್ಟಿನಾಗ ಹೋಗ್ತಿದ್ಲು. ನೀ ಇದ್ರ ಮಾತ್ರ ಭಯ. ಯಾಕಂದ್ರ ಆಗ ನೀ ಕೈ ಹಿಡೀತಿದ್ದಿ. ಅಜ್ಜಿನೇ ನಂಗ ಹೇಳಿದ್ಲು. ಈಗ ನೀ ಬರದದ್ದು ಫೋನ್ ಓದಿ ಹೇಳ್ತದ, ರೈಲಿನಾಗ ಕೇಳ್ತೀನಿ."

ಆ ಪುಟದಲ್ಲಿ ನಾನು ಅತ್ತೆಯ ಭಯವನ್ನು ಚೆನ್ನಾಗಿಯೇ ಗೇಲಿ ಮಾಡಿದ್ದೆ. ಶಾಲೆಗೆ ತಡವಾಗುತ್ತದೆ ಎಂದು ಸಿಡುಕುತ್ತ ಅವರ ಕೈ ಹಿಡಿದು ಮೂರು ಮಹಡಿ ಮೆಟ್ಟಿಲು ಇಳಿಯುತ್ತಿದ್ದದ್ದು ನೆನಪಾಯಿತು. ಸದ್ದು ಹೊರಬೀಳದಂತೆ ಸೆರಗು ಬಾಯಿಗೊತ್ತಿಕೊಂಡು ಅತ್ತೆ. ಅತ್ತೆಗಾಗಿ ಸ್ವಲ್ಪ, ಉಳಿದದ್ದೆಲ್ಲ ಮಗಳಿಗಾಗಿ. ಮೊದಲಿನಿಂದ ಅವಳು ಕೇಳುತ್ತಲೇ ಇದ್ದಳೇನೋ. ನಾನು ಓದುವುದಿಲ್ಲ, ತಿದ್ದುವುದಿಲ್ಲ ಎಂದು ಖಾತ್ರಿಯಿದ್ದ ಒಂದೇ ಜಾಗ ಹುಡುಕಿ ಬರೆದಿದ್ದಳು. ಹಿಂದಿನ ಭಾನುವಾರಗಳಲ್ಲಿ ಇಂಥವು ಎಷ್ಟನ್ನು ಅಳಿಸಿದ್ದೆನೋ, ಇನ್ನು ತಿಳಿಯುವಂತಿಲ್ಲ.

ಅವಳನ್ನು ಕೇಳಲು ಧೈರ್ಯ ಸಾಲಲಿಲ್ಲ. ಅವಳು ಪಕ್ಕದ ಕೋಣೆಯಲ್ಲೇ ಇದ್ದಳು. ಪೆನ್ಸಿಲ್ ಹಿಡಿದು, ಹಳೆಯ ತಮಿಳು ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ಒಂದೊಂದೇ ಅಕ್ಷರ ಹುಡುಕಿ ಕಾಗದದ ಮೇಲೆ ಬರೆದೆ. ಮಧ್ಯಾಹ್ನವೆಲ್ಲ ಬೇಕಾಯಿತು. "ನನಗ ಗೊತ್ತಿರಲಿಲ್ಲ. ಇನ್ನೂ ಹೇಳು. ತಿದ್ದೂದಿಲ್ಲ." ಇಷ್ಟೇ. ಫೋನಿನಲ್ಲಿ ಅದನ್ನು ಒತ್ತಿ, ಎಲ್ಲರ ಹಾಗೆ ಪ್ರತಿಕ್ರಿಯೆಯ ಜಾಗದಲ್ಲಿ ಹಾಕಿ ಕಳಿಸಿದೆ. ನಿಯಮ ನಿಯಮವೇ. ನನ್ನ ಮಾತೂ ಹೋಗಿ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಅವಳ ಮಾತಿನ ಪಕ್ಕ ಬಿತ್ತು.

ಸೋಮವಾರ ಏನೂ ಆಗಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಸಂಜೆ ಸಾರಿಗೆ ಒಗ್ಗರಣೆ ಇಡುತ್ತಿದ್ದೆ. ಆಫೀಸಿನಿಂದ ಬಂದವಳು ಹೆಗಲಿನ ಬ್ಯಾಗೂ ಇಳಿಸದೆ ಅಡುಗೆಮನೆ ಬಾಗಿಲಲ್ಲಿ ನಿಂತಳು.

"ಅಮ್ಮಾ, ನೀ ಬರದದ್ರಾಗ ಮೂರು ತಪ್ಪು ಐತಿ," ಎಂದಳು. ಕನ್ನಡದಲ್ಲಿ.

ಆ ಮಾತಿನಲ್ಲೂ ಒಂದು ತಪ್ಪಿತ್ತು. ನಾನು ಒಲೆ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು, ಅವಳ ಕಡೆ ತಿರುಗಿದೆ.

"ಯಾವ್ಯಾವು ತೋರಿಸವ್ವಾ," ಎಂದೆ. "ತಿದ್ದಿಕೋತೀನಿ."